ಬಣ್ಣ ತೆಗೆಯೋ ನೀರು

ಪಟಾಲಮ್ಮ ಅಂತ ಹೆಸರಿಟ್ಟುಕೊಂಡು ಬ್ಯೂಟಿ ಪಾರ್ಲರ್ ನಡೆಸಿದರೆ ಬಸವೇಶ್ವರನಗರದ ಹೆಂಗಸರು ಬಂದಾರೆಯೇ? ಅದಕ್ಕೇ ಕುರುಬರಹಳ್ಳಿಯ ಆ ಮನೆಯ ಮುಂದಿನ ಕೋಣೆಗೆ ‘ಪಲ್ಲವಿ’ ಎಂಬ ಬೋರ್ಡು ಬಿದ್ದಿತ್ತು. ಒಳಗೆ ಮಾತ್ರ ಅದೇ ಪಟಾಲಮ್ಮ. ಬೆಳಿಗ್ಗೆ ಮುದ್ದೆ ತೊಳಸಿ, ಬಟ್ಟೆ ಒಗೆದು, ಗಂಡನನ್ನು ಫ್ಯಾಕ್ಟರಿಗೆ ಕಳಿಸಿ, ಆಮೇಲೆ ಕಂಡವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಉಗುರು ತೀಡುವವಳು. ಸಂಜೆಯ ಹೊತ್ತಿಗೆ ಸೊಂಟ ತನ್ನದಲ್ಲ ಅನ್ನಿಸುತ್ತಿತ್ತು. ಆದರೂ ಆ ಮನೆಯಲ್ಲಿ ಅವಳದು ಅನ್ನುವಂಥದ್ದು ಆ ಕೋಣೆಯೊಂದೇ.

ಅತ್ತೆ ವೆಂಕಟಲಕ್ಷ್ಮಮ್ಮ ಒಪ್ಪಿದ್ದೇ ಹೆಚ್ಚು. ನೇಲ್ ಪಾಲಿಶ್ ಒರೆಸುವ ಅಸಿಟೋನ್ ವಾಸನೆಗೆ ಮೊದಲ ದಿನವೇ ಮೂಗು ಮುಚ್ಚಿಕೊಂಡು, “ಏನೇ ಅದು?” ಎಂದಿದ್ದರು. ಸೀಮೆಎಣ್ಣೆಗಿಂತ ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತು ಎಂದಿದ್ದರೆ ಆ ಕ್ಷಣವೇ ಬೋರ್ಡು ಇಳಿಯುತ್ತಿತ್ತು.

“ಬಣ್ಣ ತೆಗೆಯೋ ನೀರು, ಅತ್ತೆ” ಎಂದುಬಿಟ್ಟಳು ಪಟಾಲಮ್ಮ.

ಅಂದಿನಿಂದ ಜಾಗ್ರತೆಯೆಲ್ಲ ಅವಳೊಬ್ಬಳ ತಲೆಗೇ ಬಂತು. ಮುಚ್ಚಳ ಬಿಗಿಯಬೇಕು, ಒರೆಸಿದ ಹತ್ತಿಯನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಬೇಕು, ಕಿಟಕಿ ತೆರೆದೇ ಇಡಬೇಕು. ಊದುಬತ್ತಿ ಹಿಡಿದು ಬರುವ ಅತ್ತೆಯನ್ನು ಬಾಗಿಲಲ್ಲೇ ತಡೆಯಲು ದಿನಕ್ಕೊಂದು ನೆವ ಬೇರೆ. ಸುಳ್ಳನ್ನು ಸಾಕುವುದು ಎಷ್ಟು ಸುಸ್ತಿನ ಕೆಲಸವೆಂದು ಮಾಡಿದವರಿಗೇ ಗೊತ್ತು.

ಆ ಶುಕ್ರವಾರ ಸಂಜೆ ಮದುವೆ ಹುಡುಗಿಯೊಬ್ಬಳನ್ನು ಸಿಂಗರಿಸಿ ಕಳಿಸಿ, ಪಟಾಲಮ್ಮ ಕುರ್ಚಿಯಲ್ಲೇ ಕಣ್ಣು ಮುಚ್ಚಿ ಒರಗಿದಳು. ಬಾಟಲಿಗೆ ಮುಚ್ಚಳ ಹಾಕಿದ್ದಳು, ಎತ್ತಿಡಲು ಕೈ ಏಳಲಿಲ್ಲ. ವಾಸನೆ ನಡುಮನೆಗೂ ಹೋಗಿರಬೇಕು. ಅದನ್ನು ಓಡಿಸಲೆಂದೇ ವೆಂಕಟಲಕ್ಷ್ಮಮ್ಮ ಸಾಂಬ್ರಾಣಿ ಹಾಕಿದ ಕೆಂಡದ ಬಟ್ಟಲು ಹಿಡಿದು ಬಂದರು. ಕಾಲು ಹೊಸ್ತಿಲಿಗೆ ಎಡವಿತು. ಒಂದು ಕೆಂಡ ಉರುಳಿ ಚಾಪೆಗೆ ಬಿದ್ದು ಹೊಗೆಯಾಡತೊಡಗಿತು.

“ಅಯ್ಯೋ, ನೀರು, ನೀರು!” ಮುದುಕಿ ಬಟ್ಟಲನ್ನು ಬಾಗಿಲಾಚೆ ಇಟ್ಟು, ಮೇಜಿನ ಮೇಲಿದ್ದ ಬಾಟಲಿಯನ್ನೇ ಎತ್ತಿಕೊಂಡು ಮುಚ್ಚಳ ತಿರುವತೊಡಗಿದರು.

ಪಟಾಲಮ್ಮ ಹಾರಿ ಅತ್ತೆಯ ಮುಂಗೈ ಹಿಡಿದಳು. “ಬಿಡಿ! ಅದು ನೀರಲ್ಲ! ಸೀಮೆಣ್ಣೆಗಿಂತ ಕೇಡು ಅದು, ಸುಟ್ಟೋಗ್ತೀವಿ!” ಬಾಟಲಿ ಕಿತ್ತುಕೊಂಡಳು. ಕಾಲು ನೆನೆಸುವ ಬೋಗುಣಿಯ ಸೋಪಿನ ನೀರನ್ನು ಚಾಪೆಯ ಮೇಲೆ ಸುರಿದು ಕೆಂಡ ಆರಿಸಿದಳು.

ಇಬ್ಬರೂ ಹೊರಗೆ ಜಗಲಿಯ ಮೇಲೆ ಕುಸಿದರು. ಇನ್ನು ಬೋರ್ಡು ಇಳಿದ ಹಾಗೆಯೇ ಎಂದುಕೊಂಡಳು ಪಟಾಲಮ್ಮ. ಅಳಲೂ ತ್ರಾಣವಿರಲಿಲ್ಲ.

“ಇಷ್ಟು ದಿನ ಇದನ್ನ ಮಗ್ಗುಲಲ್ಲೇ ಇಟ್ಕೊಂಡು ಕೂತಿದ್ಯಲ್ಲೇ,” ಎಂದರು ಮುದುಕಿ. “ಒಂದು ಮಾತು ಹೇಳೋಕೇನಾಗಿತ್ತು?”

“ಪಾರ್ಲರ್ ಮುಚ್ಚಿಸ್ತೀರ ಅಂತ.”

“ಬೆಂಕಿಗಿಂತ ನನಗೇ ಜಾಸ್ತಿ ಹೆದರ್ತಿದ್ಯಾ?”

ಇಲ್ಲ ಎಂದಿದ್ದರೆ ಮುದುಕಿಗೆ ಸಮಾಧಾನವಾಗುತ್ತಿತ್ತು. ಆದರೆ ಪಟಾಲಮ್ಮನಿಗೆ ಇನ್ನೊಂದು ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.  ವೆಂಕಟಲಕ್ಷ್ಮಮ್ಮ ಎದ್ದು, ಶುಕ್ರವಾರದ ಧೂಪ ಅನ್ನುವುದನ್ನೂ ನೋಡದೆ, ಬಾಗಿಲಾಚೆಯ ಬಟ್ಟಲಲ್ಲಿ ಉಳಿದ ಕೆಂಡದ ಮೇಲೆ ತಾವೇ ಒಂದು ಚೆಂಬು ನೀರು ಸುರಿದರು.