ಚೆಲ್ಲೊದ ಎರಡನೇ ಪುಟ

ಯಜಮಾನರು ಪ್ರಿಂಟರಿನ ಬಾಯಿಗೆ ಎರಡು ಬೆರಳು ತೂರಿಸಿ, ಸಿಕ್ಕಿಬಿದ್ದ ಕಾಗದವನ್ನು ಹರಿಯದಂತೆ ಮೆಲ್ಲಗೆ ಎಳೆಯುತ್ತಿದ್ದರು. ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಅಂಗಿಯ ತೋಳಿಗೆ ಆಗಲೇ ಮಸಿ ಹತ್ತಿತ್ತು. ಮಧ್ಯಾಹ್ನ ಅವರ ಹೆಂಡತಿಯ ಅಂತ್ಯಕ್ರಿಯೆ.

"ಬಿಡಿ ಯಜಮಾನ್ರೇ, ಅಂಗಿ ಹಾಳಾಗುತ್ತೆ," ಅಂದ, ಕಂಪ್ಯೂಟರಿನ ಮುಂದೆ ಕೂತಿದ್ದ ಕೊಳಲಿನವನು.

"ನನ್ನ ಅಂಗಿ ನೋಡೋಕೆ ಯಾರು ಬರ್ತಾರಪ್ಪ? ಬರೋರೆಲ್ಲ ಅವಳನ್ನ ನೋಡೋಕೆ ಬರ್ತಾರೆ."

ಅವಳನ್ನು ಊರಿನ ವಾದ್ಯಗಾರರೆಲ್ಲ ಕರೆಯುತ್ತಿದ್ದದ್ದು ಪುಟದಮ್ಮ ಅಂತ. ಸಂಗೀತ ರಚಿಸುವವರು ಕಾಗೆ ಕಾಲು ಗುಬ್ಬಿ ಕಾಲು ಗೀಚಿ ತಂದುಕೊಟ್ಟ ಸ್ವರಗಳನ್ನು ಕಂಪ್ಯೂಟರಿನಲ್ಲಿ ಐದು ಗೆರೆಗಳ ಮೇಲೆ ಕೂರಿಸಿ, ಓದುವಂಥ ಪುಟಗಳಾಗಿ ಮಾಡಿಕೊಡುವುದು ಅವಳ ಕೆಲಸ. ಕೊನೆಯದಾಗಿ ಮಾಡಿದ್ದು ಸಂಗೀತದ ಮೇಷ್ಟ್ರ ರಚನೆ: ಕೊಳಲು, ಪಿಟೀಲು, ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲಿನಂಥ ಚೆಲ್ಲೊ, ಈ ಮೂರಕ್ಕೂ ಸೇರಿಸಿ ಬರೆದದ್ದು. ಇವತ್ತು ಅವಳ ಮುಂದೆ ಅದನ್ನೇ ನುಡಿಸಬೇಕೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು.

ಹಿಂದಿನ ದಿನ ಕೊಳಲಿನವನು ಅದನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ಕೈ ಸುಟ್ಟುಕೊಂಡಿದ್ದ. ಅವನ ಹತ್ತಿರ ಇದ್ದದ್ದು ಅದೇ ಸಾಫ್ಟ್‌ವೇರಿನ ಬೇರೆ ಆವೃತ್ತಿ. ಅದರಲ್ಲಿ ಸ್ವರಗಳನ್ನು ಬೆಸೆಯುವ ಕಮಾನುಗೆರೆಗಳು ಅವುಗಳ ತಲೆಯನ್ನೇ ಸೀಳಿಕೊಂಡು ಹೋಗಿದ್ದವು. 'ಮೆಲ್ಲಗೆ' ಎಂಬ ಗುರುತು 'ಜೋರಾಗಿ' ಎಂಬುದರ ಮೈಮೇಲೆ ಬಿದ್ದಿತ್ತು. "ಇದನ್ನ ಮುಂದಿಟ್ಕೊಂಡು ನುಡಿಸಿದ್ರೆ ಪುಟದಮ್ಮ ಎದ್ದು ಕೂತ್ಬಿಡ್ತಾರೆ," ಅಂತ ಬೆಳಿಗ್ಗೆಯೇ ಓಡಿ ಬಂದಿದ್ದ. ಅವಳ ಯಂತ್ರದಲ್ಲಿ ಎಲ್ಲವೂ ಅಚ್ಚುಕಟ್ಟಾಗಿತ್ತು.

ಎಲ್ಲವೂ ಅಂದರೆ, ಚೆಲ್ಲೊದ ಎರಡನೇ ಪುಟದ ತನಕ.

"ಇಲ್ಲಿ ನೋಡಿ," ಅಂದಳು ಸೋಫಾದ ಮೇಲಿದ್ದ, ಮೇಳದ ಅಕ್ಕತಂಗಿಯರಲ್ಲಿ ದೊಡ್ಡವಳು. ಚೆಲ್ಲೊ ನುಡಿಸುವವಳು ಅವಳೇ. "ಎಡಗೈ ತಂತಿ ಮೇಲೆ, ಬಲಗೈಲಿ ಕಮಾನು. ಒಂದು ಉಸಿರಿನಷ್ಟೂ ಬಿಡುವಿಲ್ಲ. ಪುಟ ತಿರುಗಿಸೋಕೆ ನಂಗೆ ಮೂರನೇ ಕೈ ಬೇಕು."

ಕಿಟಕಿಯ ಹತ್ತಿರ ನಿಂತಿದ್ದ ಚಿಕ್ಕವಳು ಹೊರಗೆ ನೋಡುತ್ತಲೇ ಇದ್ದಳು. ಅವಳದು ಪಿಟೀಲು. ಇಬ್ಬರೂ ಒಡಹುಟ್ಟಿದವರು. ಒಂದು ಅಭ್ಯಾಸದ ದಿನ ಎಲ್ಲರ ಎದುರಿಗೆ ಚಿಕ್ಕವಳು, "ಅಕ್ಕ, ನಿನ್ನ ಶ್ರುತಿ ಸರಿಯಿಲ್ಲ," ಅಂದಿದ್ದಳು. ಅವತ್ತಿನಿಂದ ಮಾತಿಲ್ಲ ಕತೆಯಿಲ್ಲ. ಮಾತು ಬಿಟ್ಟರೂ ಮೇಳ ಬಿಟ್ಟಿರಲಿಲ್ಲ. ನಡುವೆ ಕೊಳಲಿನವನನ್ನು ಕೂರಿಸಿಕೊಂಡು ಆ ತುದಿಗೊಬ್ಬಳು ಈ ತುದಿಗೊಬ್ಬಳು ನುಡಿಸುತ್ತಿದ್ದರು. ಹೇಳುವುದೇನಿದ್ದರೂ ಅವನ ಮೂಲಕ.

"ಪಾಪ, ಕೊನೆಕೊನೆಗೆ ಅವರಿಗೆ ಆಯಾಸ ಇತ್ತಲ್ಲ," ಅಂದಳು ದೊಡ್ಡವಳು. "ತಪ್ಪಿಹೋಗಿರಬೇಕು."

ಕೊಳಲಿನವನು ಒಂದು ಸಾಲನ್ನು ಮುಂದಿನ ಪುಟಕ್ಕೆ ತಳ್ಳಿ ನೋಡಿದ. ಅಲ್ಲಿಯೂ ಬಿಡುವಿರಲಿಲ್ಲ. ಎರಡು ಪುಟದ್ದನ್ನು ಒಂದಕ್ಕೇ ಹಿಡಿಸಲು ಹೋದಾಗ ಸ್ವರಗಳು ಇರುವೆ ಸಾಲಾದವು.

"ನಂಗೆ ಚಾಳೀಸು ಬಂದಿದೆ ಕಣೋ," ಅಂದಳು ದೊಡ್ಡವಳು.

ಆಯಾಸದ ಮಾತು ಹಿಡಿಸದೆ ಯಜಮಾನರು ಸಿಕ್ಕಿದ್ದ ಕಾಗದವನ್ನು ಒಂದೇ ಸಲ ಎಳೆದು ತೆಗೆದರು. "ತಪ್ಪಿಹೋಗಿಲ್ಲಮ್ಮ," ಅಂದರು. "ಆ ಪುಟಕ್ಕೆ ನಾನೇ ಕೂತಿದ್ದೆ."

*

ಯಜಮಾನರು ಸಿಟಿ ಬಸ್ ಓಡಿಸಿ ನಿವೃತ್ತರಾದವರು. ಸಂಗೀತದ ಗಂಧ ಗಾಳಿ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಫೋನಿನಲ್ಲಿ, "ಒಂದೇ ಸಾಲಲ್ಲಿ ಅಷ್ಟೊಂದು ಬಾರ್ ಬೇಡ, ಜನ ಎಡವ್ತಾರೆ," ಅಂದದ್ದನ್ನು ಕೇಳಿ, ಇವಳು ಯಾವ ಬೀದಿಯ ಬಗ್ಗೆ ಮಾತಾಡುತ್ತಿದ್ದಾಳೆ ಎಂದು ಗಾಬರಿಯಾಗಿದ್ದರು. ಎರಡು ನಿಂತ ಗೆರೆಗಳ ನಡುವಿನ ಸ್ವರಗಳ ಗುಂಪಿಗೆ ಬಾರ್ ಅನ್ನುತ್ತಾರೆಂದು ತಿಳಿದದ್ದು ಆಮೇಲೆ. ಅದನ್ನು ಅವಳು ಸಾಯುವತನಕ ನೆಂಟರಿಗೆಲ್ಲ ಹೇಳಿ ನಗಿಸಿದಳು.

ಪುಟ ತಿರುಗಿಸುವ ಜಾಗ ಸರಿಯಿದೆಯೇ ಎಂದು ನೋಡಲು ಅವಳಿಗೆ ಒಂದು ಆಳು ಬೇಕಿತ್ತು. ಆ ಆಳು ಯಜಮಾನರೇ. ಚೆಲ್ಲೊ ಆದರೆ ಮಂಡಿಗಳ ನಡುವೆ ಪೊರಕೆ, ಬಲಗೈಯಲ್ಲಿ ಸೌಟು. ಅವಳು ಬಾಯಲ್ಲಿ ಹಾಡುತ್ತಾ ಬೆರಳಿನಿಂದ ತೋರಿಸುತ್ತಿದ್ದಳು. ಇವರು ಸೌಟು ಆಡಿಸಬೇಕು, ಅವಳು "ತಿರುಗಿಸಿ" ಅಂದಾಗ ಕೈ ಬಿಡುವಾಗಿದೆಯೇ ಹೇಳಬೇಕು. ಒಮ್ಮೆ ಹಾಲಿನವಳು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, ಏನೂ ಕೇಳದೆ, ಹಾಲಿಟ್ಟು ಹೊರಟುಹೋಗಿದ್ದಳು.

ಮೇಷ್ಟ್ರ ರಚನೆಗೂ ಹಾಗೇ ಕೂತಿದ್ದರು. ಆ ಹೊತ್ತಿಗೆ ಅವಳು ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂರುತ್ತಿದ್ದಳು, ಹಾಡುವ ದನಿ ಸಣ್ಣಗಾಗಿತ್ತು.

"ತಿರುಗಿಸಿ."

"ಎಲ್ಲಿ ತಿರುಗಿಸ್ಲೇ? ಸೌಟು ಕೈಲೇ ಇದೆ."

"ಇರ್ಲಿ ಬಿಡಿ."

"ಇರ್ಲಿ ಅಂದ್ರೆ? ಆ ಚೆಲ್ಲೊದವಳು ಪುಟ ಬೀಳಿಸ್ತಾಳಷ್ಟೆ."

"ರೀ, ಸಾಕು. ಪೊರಕೆ ಒಳಗಿಟ್ಟು ಬನ್ನಿ," ಅಂದು ಅವಳು ದಿಂಬಿಗೆ ತಲೆಯಾನಿಸಿ, ಒಳಗೊಳಗೇ ನಕ್ಕಿದ್ದಳು. ಯಾಕೆ ಅಂತ ಕೇಳಿದರೆ ಹೇಳಿರಲಿಲ್ಲ.

*

"ನಕ್ಕಳಾ?" ಅಂದರು ಮೇಷ್ಟ್ರು. ಇಷ್ಟು ಹೊತ್ತು ಬಾಗಿಲಿಗೆ ಒರಗಿ ಕಣ್ಣು ಮುಚ್ಚಿಕೊಂಡು ಯಜಮಾನರ ಮಾತು ಕೇಳುತ್ತಿದ್ದ ಅವರು ನೆಟ್ಟಗೆ ನಿಂತರು.

"ನಕ್ಕಳು. ನಾನೇನೋ ದಡ್ಡತನ ಮಾಡಿದೆ ಅಂದ್ಕೊಂಡೆ." ಯಜಮಾನರು ಕೊಳಲಿನವನ ಕಡೆ ತಿರುಗಿದರು. "ಅಲ್ಲಪ್ಪ, ಇವಳಿಗೆ ಕೈ ಬಿಡುವಿಲ್ಲದ ಹೊತ್ತಲ್ಲಿ ನೀನೇನು ಮಾಡ್ತಿರ್ತೀಯ?"

"ನಂಗಂತೂ ಉಸಿರು ಬಿಡೋಕೂ ಪುರುಸೊತ್ತಿಲ್ಲ."

"ಪಿಟೀಲು?"

ಕೊಳಲಿನವನು ಚಿಕ್ಕವಳ ಹಾಳೆ ತೆಗೆದು ಬೆರಳಿಟ್ಟು ಹುಡುಕಿದ. ಬೆರಳು ನಿಂತಿತು. "ಪಿಟೀಲು ಸುಮ್ಮನಿದೆ. ಅಲ್ಲಿಂದ ಇಲ್ಲೀವರೆಗೆ ಏನೂ ಇಲ್ಲ."

"ಆ ಬಿಡುವು ನಾನು ಬರೆದದ್ದೇ ಅಲ್ಲ," ಅಂದರು ಮೇಷ್ಟ್ರು. "ಅಲ್ರೀ, ಇಷ್ಟು ವರ್ಷದಲ್ಲಿ ಒಂದು ಸ್ವರ ತೆಗೀರಿ ಅಂತ ಕೇಳಿದವಳಲ್ಲ. ಸ್ವರ ನಿಮ್ಮದು, ಜಾಗ ನನ್ನದು ಅಂತಿದ್ಲು. ಹೋದ ತಿಂಗಳು ಫೋನ್ ಮಾಡಿ, ಇಲ್ಲಿ ಪಿಟೀಲು ಸ್ವಲ್ಪ ಸುಮ್ಮನಿರ್ಲಿ ಮೇಷ್ಟ್ರೇ, ಚೆನ್ನಾಗಿರುತ್ತೆ ಅಂದ್ಲು. ಕಾಯಿಲೆಯವಳ ಮಾತು, ಹೂಂ ಅಂದೆ. ನುಡಿಸಿ ನೋಡಿದ್ರೆ ನಿಜವಾಗ್ಲೂ ಚೆನ್ನಾಗೇ ಇತ್ತು."

ಸುಮ್ಮನಿರುವವಳು ಕೈ ಚಾಚಿದರೆ ಪುಟ ತಿರುಗುತ್ತದೆ. ಕೈ ಚಾಚಬೇಕಾದರೆ ಪಕ್ಕದಲ್ಲಿ ಕೂರಬೇಕು. ಅದನ್ನು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಚಿಕ್ಕವಳ ಮುಖ ಕೆಂಪಗಾಗಿತ್ತು. ಅವಳು ಕೊಳಲಿನವನನ್ನು ನೋಡಿದಳು. "ಅವಳಿಗೆ ಹೇಳು, ನಾನು ಎಡಗಡೆ ಕೂರ್ತೀನಿ. ಬಲಗಡೆ ಕೂತ್ರೆ ಅವಳ ಕಮಾನು ನನ್ನ ಪಕ್ಕೆಗೆ ತಿವಿಯುತ್ತೆ."

"ಇವಳಿಗೆ ಹೇಳು," ಅಂದಳು ದೊಡ್ಡವಳು, "ಎಲ್ಲದಕ್ಕೂ ಆತುರ ಇವಳಿಗೆ. ನಾನು ತಲೆ ಆಡಿಸಿದ ಮೇಲೆ ತಿರುಗಿಸ್ಲಿ."

ಕೊಳಲಿನವನು ಚೆಲ್ಲೊದ ಪುಟವನ್ನು ಪುಟದಮ್ಮ ಇಟ್ಟಿದ್ದ ಹಾಗೇ ತಂದು, ಮುದ್ರಿಸಲು ಕೊಟ್ಟ.

*

ಅಂತಿಮ ದರ್ಶನದ ಹಾಲ್ ತುಂಬಿತ್ತು. ನಿಂತವರಿಗೆ ಗೋಡೆಯ ಪಕ್ಕವೂ ಜಾಗ ಸಾಲಲಿಲ್ಲ. ಹೂವಿನ ನಡುವೆ ಮಲಗಿದ್ದ ಹೆಂಡತಿಯ ಕಾಲಿನ ಕಡೆ ಕುರ್ಚಿಯಲ್ಲಿ ಕೂತಿದ್ದ ಯಜಮಾನರಿಗೆ ಮೂವರೂ ಎದುರಿಗೇ ಕಾಣುತ್ತಿದ್ದರು. ಅಕ್ಕತಂಗಿ ಅಕ್ಕಪಕ್ಕ ಕೂತದ್ದನ್ನು ಕಂಡು ವಾದ್ಯಗಾರರ ಸಾಲಿನಲ್ಲಿ ಗುಸುಗುಸು ಎದ್ದು ಅಡಗಿತು.

ಮೊದಲನೇ ಪುಟ ಕೊಳಲಿನದು. ಎರಡನೇ ಪುಟದಲ್ಲಿ ಚೆಲ್ಲೊ ಮೇಲಕ್ಕೆದ್ದಿತು. ದೊಡ್ಡವಳ ಎರಡು ಕೈಗಳೂ ಓಡತೊಡಗಿದವು. ಪಿಟೀಲು ನಿಂತಿತು. ಚಿಕ್ಕವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಮುಂದಕ್ಕೆ ಬಾಗಿ, ಹಾಳೆಯ ಮೂಲೆ ಹಿಡಿದೇಬಿಟ್ಟಳು.

"ಈಗ್ಲೇ ಬೇಡ ಕಣೇ," ಅಂದಳು ದೊಡ್ಡವಳು, ಕಮಾನು ನಿಲ್ಲಿಸದೆ, ಹಲ್ಲಿನ ಸಂದಿಯಲ್ಲಿ.

"ಗೊತ್ತು ಕಣೇ."

ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು. ಮೇಷ್ಟ್ರು ಕರವಸ್ತ್ರ ಬಾಯಿಗೊತ್ತಿಕೊಂಡರು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯುವಂತಿರಲಿಲ್ಲ. ದೊಡ್ಡವಳು ತಲೆ ಆಡಿಸಿದಳು. ಪುಟ ತಿರುಗಿತು. ಒಂದು ಸ್ವರವೂ ಕೆಳಗೆ ಬೀಳಲಿಲ್ಲ.

ಮನೆಗೆ ಹೋದ ಕೂಡಲೇ ಇವಳಿಗೆ ಹೇಳಬೇಕು ಅಂದುಕೊಂಡರು ಯಜಮಾನರು. ಮರುಕ್ಷಣ ಎದುರಿನ ಹೂವು ಕಂಡಿತು. ಎಷ್ಟೋ ಹೊತ್ತು ಅದನ್ನೇ ನೋಡಿದರು. ಆಮೇಲೆ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆಳೆದುಕೊಂಡು, ಅವಳ ಕಡೆ ಬಗ್ಗಿ, "ತಿರುಗಿಸಿದ್ಲು ಕಣೇ," ಅಂದರು.

ಎಲ್ಲ ಮುಗಿದು ಜನ ಕರಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ಯಜಮಾನರು ಮೇಷ್ಟ್ರ ತೋಳು ಹಿಡಿದು ಬಾಗಿಲಿಗೆ ಬಂದರು. ಹೊರಗಿನ ಮೆಟ್ಟಿಲುಗಳ ಮೇಲೆ ಚೆಲ್ಲೊದ ಕರಿ ಪೆಟ್ಟಿಗೆ ಅಡ್ಡಡ್ಡ ತೂಗುತ್ತಿತ್ತು. ಮೇಲಿನ ತುದಿ ದೊಡ್ಡವಳ ಕೈಯಲ್ಲಿ, ಕೆಳಗಿನ ತುದಿ ಚಿಕ್ಕವಳ ಕೈಯಲ್ಲಿ. ಚಿಕ್ಕವಳು ಹಿಮ್ಮುಖವಾಗಿ ಇಳಿಯುತ್ತಿದ್ದಳು.

"ನಿನ್ನ ಕಡೆ ಎತ್ತೇ."

"ಎತ್ತೇ ಇದೀನಿ. ನೀನು ತಳ್ಬೇಡ."

"ನಾನೆಲ್ಲಿ ತಳ್ತಿದೀನಿ? ಹಿಂದೆ ಮೆಟ್ಟಿಲಿದೆ, ನೋಡ್ಕೊಂಡು ಕಾಲಿಡು."

ಕೊಳಲಿನವನು ಕೆಳಗೆ ಕಾರಿನ ಹಿಂಬಾಗಿಲು ತೆರೆದುಕೊಂಡು, ನೆರವಿಗೆ ಬರಲೋ ಬೇಡವೋ ಎಂದು ನಿಂತಿದ್ದ. ಪೆಟ್ಟಿಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲುತ್ತಾ, ಒಂದೊಂದೇ ಮೆಟ್ಟಿಲು ಇಳಿಯಿತು.