ಹಾಲಿಗೆ ನೀರು ಹಾಕಿದವರು ಯಾರು?

ಕಿಕ್ಕೇರಿ ಹತ್ತಿರದ ಒಂದು ಊರು. ಅಲ್ಲಿ ಚಿಕ್ಕಬೋರಮ್ಮನ ಹಸು ಕರು ಹಾಕಿ ತಿಂಗಳಾಗಿತ್ತು. ಹಾಲೇನೋ ಧಾರಾಳವಾಗಿ ಬರುತ್ತಿತ್ತು. ಡೈರಿಯಲ್ಲಿ ಅಳೆದರೆ ಫ್ಯಾಟು, ಅಂದರೆ ಜಿಡ್ಡಿನಂಶ, ಮಾತ್ರ ಸರಿಯಾಗಿ ಬರುತ್ತಿರಲಿಲ್ಲ. ಹಾಲು ಕರೆಯುವವಳು ಚಿಕ್ಕಬೋರಮ್ಮ, ಡೈರಿಗೆ ಒಯ್ಯುವವಳು ಸೊಸೆ ಪ್ರಮೀಳಾ. ದಾರಿಯಲ್ಲೊಂದು ಬೀದಿ ನಲ್ಲಿ. ಇನ್ನೇನು ಬೇಕು? ಅತ್ತೆಯ ತಲೆಯೊಳಗೆ ತೀರ್ಪು ಆಗಿಯೇ ಹೋಯಿತು.

ಸೊಸೆಯನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಪಕ್ಕದ ಮನೆಯ ಮಾರಮ್ಮನಿಗೆ ಹೇಳಿದಳು: "ನಂಗ್ಯಾಕೋ ಅನುಮಾನ ಕಣೆ ಮಾರಿ. ನಮ್ಮವಳು ಆಲ್ಗೆ ನೀರು ಬೆರೆಸಿ, ಗಟ್ಟಿ ಆಲ್ನ ಎಲ್ಲೋ ಮಾರ್ಕತಾವ್ಳೆ."

ಬಸ್ಸು ಬರುವುದು ಅನುಮಾನ ಅಂದರೆ ಬಸ್ಸಿಗೇನೂ ಬೇಜಾರಿಲ್ಲ. ಮಳೆ ಬರುವುದು ಅನುಮಾನ ಅಂದರೆ ಮೋಡಕ್ಕೂ ನೋವಿಲ್ಲ. ಅದೇ ಮಾತನ್ನು ಒಬ್ಬ ಹೆಣ್ಣುಮಗಳ ಮೇಲೆ ಹಾಕಿ ನೋಡಿ! ಮಾತು ಮನೆಯಿಂದ ಮನೆಗೆ ಹಬ್ಬಿ ಸೊಸೆಯನ್ನೂ ಮುಟ್ಟಿತು. ಮಾರನೇ ದಿನ ಪ್ರಮೀಳಾ ಬ್ಯಾಗಿಗೆ ಬಟ್ಟೆ ತುಂಬಿಕೊಂಡು ನಿಂತಿದ್ದಳು.

"ನಾನು ಪಾಂಡವಪುರಕ್ಕೆ, ನಮ್ಮವ್ವನ ಮನೆಗೆ ಓಯ್ತೀನಿ. ಕಳ್ಳಿ ಅನ್ನಿಸ್ಕಂಡು ಈ ಮನೇಲಿ ಉಣ್ಣಕ್ಕಾಗಕಿಲ್ಲ," ಎಂದಳು.

ಮಗ ಸಿದ್ದರಾಜು ತಾಯಿಯನ್ನು ಕೇಳಿದ: "ಅವ್ವ, ಬೆರೆಸೋದ ನೀನು ಕಣ್ಣಾರೆ ಕಂಡಿದ್ದೀಯಾ?"

"ಕಾಣೋದೇನ್ಲಾ? ಫ್ಯಾಟೇ ಯೋಳ್ತದಲ್ಲ! ನೀನೊಬ್ಬ, ಎಡ್ತಿ ಕಡೀಕೇ ವಾಲ್ತೀಯ."

ಅಷ್ಟರಲ್ಲಿ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಸಹನ ಬಂದಳು. ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

"ಬೋರಕ್ಕ, ಊರ್ಗೆಲ್ಲಾ ಯೋಳುದ್ರಿ, ನನ್ನ ಯಾಕೆ ಕೇಳ್ನಿಲ್ಲ? ನೀರು ಬೆರೆಸುದ್ರೆ ಆಲಿನ ಗಟ್ಟಿ ಅಳೆಯೋ ಮೀಟ್ರಲ್ಲಿ ಡಿಗ್ರಿ ಬೀಳ್ತದೆ. ನಿಮ್ಮ ಆಲಿನ ಡಿಗ್ರಿ ಸರಿಯಾಗೇ ಅದೆ. ಫ್ಯಾಟು ಒಂದೇ ಕಮ್ಮಿ. ಅಲ್ಲಾ, ನೀವು ಆಲು ಕರೆಯೋದು ಎಂಗೆ?"

"ಎಂಗೆ ಅಂದ್ರೆ? ಮೊದ್ಲು ಡೈರಿಗೆ ಕರ್ಕತೀನಿ. ಕಡೇ ಆಲ್ನ ಕರೂಗೆ ಬುಡ್ತೀನಿ. ಈ ಸಲ ಎಣ್ಗರು, ಅದೂ ಬಡಕಲು. ಕುಡ್ಕಳ್ಳಿ ಪಾಪ ಅಂತ ವಸಿ ಜಾಸ್ತೀನೇ ಬುಡ್ತೀನಿ."

"ಅಲ್ಲೇ ಇರೋದು! ಗಟ್ಟಿ ಆಲು ಬರೋದೇ ಕಡೇಗೆ. ಕೆನೆಯೆಲ್ಲಾ ಕರೂಗೆ, ತೆಳ್ಳಂದು ಡೈರಿಗೆ."

"ಓ, ನೀನೂ ಅವಳ ಕಡೀಕೆ ಸೇರ್ಕಂಡ್ಯಾ?"

"ನಂಬಬ್ಯಾಡಿ, ನೋಡಿ. ಸಂಜೆ ಮೊದಲ್ನೇ ಆಲು ಒಂದು ಚೊಂಬ್ಗೆ, ಕಡೇದು ಇನ್ನೊಂದಕ್ಕೆ ಕರ್ಕಂಡು ನೀವೇ ಡೈರಿಗೆ ತಗಬನ್ನಿ. ಪ್ರಮೀಳಾ, ಸಂಜೆ ಗಂಟ ಇರವ್ವ."

ಸಂಜೆ ಚಿಕ್ಕಬೋರಮ್ಮ ಎರಡೂ ಚೊಂಬು ಹಿಡಿದು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ಡೈರಿಗೆ ಹೋದಳು. ಮೊದಲನೇ ಹಾಲಿನ ಫ್ಯಾಟು ಎಂದಿನಂತೆ ಕಮ್ಮಿ. ಕಡೇ ಹಾಲಿನದು ಅದರ ಎರಡರಷ್ಟಕ್ಕೂ ಮೇಲೆ. ಸೊಸೆ ಮುಟ್ಟಿಯೇ ಇರಲಿಲ್ಲವಲ್ಲ, ಇನ್ನು ಯಾರ ಮೇಲೆ ಹಾಕುವುದು? ಅತ್ತೆಗೆ ನಾಚಿಕೆಯಾಯಿತು.

ಮನೆಗೆ ಬಂದವಳೇ ಪ್ರಮೀಳಾಳ ಕೈ ಹಿಡಿದುಕೊಂಡಳು. "ತಪ್ಪಾಯ್ತು ಕಣವ್ವ. ನಿನ್ನ ಒಂದು ಮಾತು ಕೇಳ್ಬೇಕಿತ್ತು."

"ನನ್ ತಾವ ಯೋಳುದ್ರೆ ಸಾಲ್ದು ಅತ್ತೆ," ಎಂದಳು ಪ್ರಮೀಳಾ. "ಯಾರ್ಯಾರ ತಾವ ಅಂದಿದ್ರೋ ಅವರ ತಾವೆಲ್ಲಾ ಯೋಳ್ಬನ್ನಿ. ಆಮೇಲೆ ಬ್ಯಾಗು ಇಳುಸ್ತೀನಿ."

ನ್ಯಾಯವಾದ ಮಾತು. ಚಿಕ್ಕಬೋರಮ್ಮ ಮನೆ ಮನೆಗೂ ಹೋಗಿ, "ನಮ್ಮುಡ್ಗಿ ತಪ್ಪಿಲ್ಲ, ನಂದೇ ತಪ್ಪು," ಎಂದಳು. ಮಾರಮ್ಮ ಮಾತ್ರ ತಲೆ ಕೆರೆದುಕೊಂಡಳು.

"ಅಯ್ಯೋ ಬೋರಕ್ಕ, ನಾಗಮಂಗಲದ ನೆಂಟ್ರಿಗೆ ಫೋನ್ನಲ್ಲಿ ಯೋಳ್ಬುಟ್ನಲ್ಲ. ಅವ್ರು ಇನ್ಯಾರ್ಗೆ ಯೋಳವ್ರೋ!"

ಪ್ರಮೀಳಾ ಹೋಗಲಿಲ್ಲ. ಈಗ ಆ ಮನೆಯಲ್ಲಿ ಹಾಲನ್ನು ಪೂರ್ತಿ ಕರೆದು, ಮೊದಲನೆಯದನ್ನೂ ಕಡೆಯದನ್ನೂ ಬೆರೆಸಿ, ಕರುವಿನ ಪಾಲನ್ನು ಮೊದಲು ಎತ್ತಿಟ್ಟು ಬಾಟಲಿಯಲ್ಲಿ ಕುಡಿಸುತ್ತಾರೆ. ಫ್ಯಾಟು ಸರಿಹೋಗಿದೆ. ಆದರೆ ನಾಗಮಂಗಲದಿಂದ ಆಚೆಗೆ ಹೋದ ಮಾತು ಎಲ್ಲಿದೆಯೋ, ಯಾರಿಗೂ ಗೊತ್ತಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಅನುಮಾನ ಯಾರಿಗಾದರೂ ಬರುತ್ತದೆ, ಬಂದದ್ದು ತಪ್ಪಲ್ಲ. ಹಾಲಿನ ಮೇಲೆ ಬಂದರೆ ಡೈರಿಯಲ್ಲಿ ಕೇಳಿ, ಹಸುವಿನ ಕೆಚ್ಚಲಿನ ಮೇಲೆ ಬಂದರೆ ದನದ ಡಾಕ್ಟರಿಗೆ ತೋರಿಸಿ. ಮನುಷ್ಯರ ಮೇಲೆ ಬಂದರೆ ಮೊದಲು ಅವರನ್ನೇ ಕೇಳಿ. ಬೀದಿಗೆ ಬಿಟ್ಟ ಮಾತನ್ನು ಹಿಂದಕ್ಕೆ ಕರೆತರಲು ನಿಮ್ಮಿಂದಲೂ ಆಗುವುದಿಲ್ಲ.