ಮೊದಲ ಹಂತದ ಖರ್ಚು

ಬೈತಲೆ ವಾರೆ, ಈ ಮೇಡಮ್ಮನ ಬೈತಲೆ ಎಡಕ್ಕೆ ಒಂದು ಬೆರಳಿನಷ್ಟು ವಾರೆ, ಕನ್ನಡಿ ನೋಡದೆ ಬಾಚಿಕೊಂಡು ಓಡಿಬಂದ ತಲೆ ಅದು, ಮೂವತ್ತೂ ದಾಟಿಲ್ಲ, ಆಗಲೇ ನೆತ್ತಿಯಲ್ಲಿ ಬಿಳಿ ಕೂದಲು, ಪಾಪ, ದಿನಕ್ಕೆ ಎಷ್ಟು ಜನ ಅಪ್ಪಂದಿರು ಈ ಕುರ್ಚಿಯಲ್ಲಿ ಕೂತು ಎದ್ದು ಹೋಗುತ್ತಾರೋ, ಕುರ್ಚಿಯೂ ಅಷ್ಟಕ್ಕಷ್ಟೇ, ಕೂತವನು ಅಲ್ಲಾಡಿದರೆ ಕಿರುಗುಟ್ಟುತ್ತದೆ, ಇಂಥ ಕುರ್ಚಿ ಇಟ್ಟುಕೊಂಡು ಕ್ಷೌರದಂಗಡಿ ನಡೆಸಿದ್ದರೆ ನನ್ನ ಹತ್ತಿರ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ — ಯಜಮಾನ್ರೇ, ಕೇಳಿಸ್ಕೊಳ್ತಾ ಇದೀರಾ? ಕೇಳಿಸ್ಕೊಳ್ತಾ ಇದೀನಮ್ಮ, ಹೇಳಿ. ಕೇಳಿಸಿಕೊಳ್ಳದೆ ಏನು, ಕತ್ತರಿ ಆಡಿಸುತ್ತಲೇ ಊರವರ ಸಂಸಾರವನ್ನೆಲ್ಲ ಕೇಳಿಸಿಕೊಂಡವನು ನಾನು. ಚಟ ಬಿಡಿಸುವ ಕೇಂದ್ರವಂತೆ, ಬಾಗಿಲ ಮೇಲೆ ಆಪ್ತ ಸಲಹೆ ಅಂತ ಬರೆದಿದೆ, ಒಳಗೆ ನೋಡಿದರೆ ಸೀರೆ ಅಂಗಡಿಯ ಹಾಗೆ ಬಣ್ಣಬಣ್ಣದ ಹಾಳೆ ಹರಡಿಕೊಂಡು ಕೂತಿದ್ದಾಳೆ, ಹಸಿರು ಹಾಳೆ ಎಲ್ಲರೂ ಒಟ್ಟಿಗೆ ಮಲಗುವ ಹಾಲ್, ಹಳದಿ ಹಾಳೆ ಇಬ್ಬರ ರೂಮು, ಗುಲಾಬಿ ಹಾಳೆ ಒಬ್ಬರೇ ಇರುವ ರೂಮು, ಮೂರು ತಿಂಗಳು ಇಟ್ರೆ ಒಳ್ಳೇದು, ಒಂದೇ ತಿಂಗಳಿಗೆ ಕರ್ಕೊಂಡು ಹೋದವರು ತುಂಬಾ ಜನ ವಾಪಸ್ ಬರ್ತಾರೆ. ತಲೆ ಬೋಳಿಸುವುದು ನಮ್ಮ ಕಸುಬು ಅಂದುಕೊಂಡಿದ್ದೆ, ಇವರದು ನಮಗಿಂತ ನಯವಾದ ಕೈ. ಛೇ, ಹಾಗನ್ನಬಾರದು, ಒಳ್ಳೆಯ ಹುಡುಗಿ, ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವಳಿದ್ದಾಳು. ಮಗಳು ಹೊರಗೆ ವ್ಯಾನಿನಲ್ಲಿ ಮಲಗಿದ್ದಾಳೆ, ಹೆಂಡತಿಯ ತಮ್ಮ ಪಕ್ಕದಲ್ಲಿ ಕೂತಿದ್ದಾನೆ, ವ್ಯಾನು ಅವನದೇ, ಇವತ್ತು ಸೇರಿಸಿದರೆ ಸೇರಿಸಿದ ಹಾಗೆ, ನಾಳೆ ಅವಳು ಬರುವುದಿಲ್ಲ.

ಬುಗುರಿ ಅಂತ ಕರೆಯುತ್ತಿದ್ದೆವು, ನಿಂತಲ್ಲಿ ನಿಲ್ಲದ ಕೂಸು, ದೊಡ್ಡವಳಾದ ಮೇಲೆ ನೋಡಿದರೆ ನಿಲ್ಲುವುದೇ ಅವಳ ಕೆಲಸ, ಅಂಗಡಿಯ ನಡುವೆ ಪರದೆ, ಈಚೆ ನನ್ನ ಗಂಡಸರು, ಆಚೆ ಅವಳ ಬ್ಯೂಟಿ ಪಾರ್ಲರಿನ ಹೆಂಗಸರು, ಮದುವೆಯ ದಿನಗಳಲ್ಲಿ ಬೆಳಗ್ಗೆ ನಿಂತರೆ ಕತ್ತಲಾಗುವ ತನಕ ನಿಂತೇ ಇರುತ್ತಿದ್ದಳು, ಬೆನ್ನು ಹಿಡಿಯಿತು, ಡಾಕ್ಟರು ನೋವಿನ ಮಾತ್ರೆ ಬರೆದರು, ವಾರಕ್ಕೆಂದು ಬರೆದದ್ದನ್ನು ಎರಡು ವರ್ಷ ನುಂಗಿದಳು ನನ್ನ ಮಹಾರಾಯ್ತಿ, ಬೆನ್ನು ನೋವು ಹೋಯಿತು, ಮಾತ್ರೆ ಉಳಿಯಿತು. ನನಗೆ ಗೊತ್ತೇ ಆಗಲಿಲ್ಲ, ಪರದೆಯ ಆಚೆ ನಗು ಕೇಳಿಸುತ್ತಿತ್ತು, ಆಮೇಲೆ ನಗು ಇಲ್ಲ, ಆಮೇಲೆ ಒಂದು ದಿನ ಕಿರುಚಾಟ, ಮದುಮಗಳ ಒಂದು ಹುಬ್ಬನ್ನು ಅರ್ಧ ಹಾರಿಸಿಬಿಟ್ಟಿದ್ದಳು, ಆ ಹುಡುಗಿಯ ತಾಯಿ ಬೀದಿಯಲ್ಲಿ ನಿಂತು ನನ್ನ ಏಳು ತಲೆಮಾರನ್ನು ಜಾಲಾಡಿದಳು, ಇವಳು ಹುಬ್ಬು ತೆಗೆಯುವ ದಾರ ಹಲ್ಲಿನಲ್ಲಿ ಕಚ್ಚಿಕೊಂಡು ಹಾಗೇ ನಿಂತಿದ್ದಾಳೆ, ಕಣ್ಣು ತೆರೆದಿದೆ, ಒಳಗೆ ಯಾರೂ ಇಲ್ಲ. ಅವತ್ತು ತಿಳಿಯಿತು. ತಿಳಿದು ಏನು ಮಾಡಿದೆ, ಕೂಗಾಡಿದೆ, ಕಣ್ಣೀರಿಟ್ಟೆ, ಅವಳ ಪರ್ಸು ಕಿತ್ತುಕೊಂಡೆ, ಮಾತ್ರೆಯ ಪಟ್ಟಿಗಳನ್ನೆಲ್ಲ ಅಂಗಡಿಗೆ ಒಯ್ದು ಹಳೇ ಕತ್ತಿಗಳ ಡಬ್ಬಿಯಲ್ಲಿ ಬಚ್ಚಿಟ್ಟೆ. ಎಸೀಬೇಕಿತ್ತು ಕಣ್ರೀ ಅಂದಳು ಹೆಂಡತಿ. ಮೊಂಡು ಕತ್ತಿಯನ್ನೇ ಎಸೆಯದವನು ನಾನು, ಕಾಸು ಕೊಟ್ಟು ತಂದದ್ದನ್ನು ಎಸೆಯಲು ನನ್ನ ಕೈ ಏಳಲಿಲ್ಲ.

ಬಿಟ್ಟಿ ದಾರಿ ಏನೇನಿದೆ ಎಲ್ಲ ತುಳಿದಾಗಿದೆ ಮೇಡಮ್ಮ, ನಿಮ್ಮ ಹತ್ತಿರ ಸುಮ್ಮನೆ ಬಂದಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋದೆ, ಹಾಸಿಗೆ ಪುಕ್ಕಟೆ, ಆದರೆ ಗಂಡಸರಿಗೇ ವಾರ್ಡು, ಹೆಂಗಸರಿಗೆ ಮೂಲೆಯಲ್ಲಿ ನಾಲ್ಕು ಮಂಚ, ಹೆಸರು ಬರೆಸಿ ಹೋಗಿ ಯಜಮಾನ್ರೇ, ಖಾಲಿಯಾದ್ರೆ ಫೋನ್ ಮಾಡ್ತೀವಿ, ಫೋನು ಇನ್ನೂ ಬರುತ್ತಲೇ ಇದೆ. ದಿನಾ ಬಂದು ಔಷಧಿ ಕುಡ್ಕೊಂಡು ಹೋಗ್ಲಿ, ಅದೂ ಒಂದು ದಾರಿ, ಅದಕ್ಕೆ ಜಾಸ್ತಿ ಖರ್ಚಿಲ್ಲ ಅಂದರು, ಅಲ್ಲಿಗೂ ಕರೆದೊಯ್ದೆ, ಎರಡು ದಿನ ಬಂದಳು, ಮೂರನೇ ದಿನ ಬಸ್ಸಿನಿಂದ ಯಾವ ಸ್ಟಾಪಿನಲ್ಲಿ ಇಳಿದಳೋ, ನಾನು ಟಿಕೇಟು ಹಿಡಿದುಕೊಂಡು ಪೆದ್ದನ ಹಾಗೆ ಕೊನೆಯ ತನಕ ಹೋದೆ. ವಿಮೆ ಮಾಡಿಸುವವನೊಬ್ಬ ನನ್ನದೇ ಗಿರಾಕಿ, ಅವನ ಕೆನ್ನೆಗೆ ನೊರೆ ಹಚ್ಚಿ, ಕತ್ತಿ ಕೈಯಲ್ಲಿ ಹಿಡಿದೇ ಕೇಳಿದೆ, ಬಿದ್ದು ಸೊಂಟ ಮುರ್ಕೊಂಡ್ರೆ ಕೊಡ್ತಾರಣ್ಣ, ಚಟಕ್ಕೆಲ್ಲ ಕೊಡಲ್ಲ, ಪಾಲಿಸಿ ಹಿಂದುಗಡೆ ಸಣ್ಣಕ್ಷರದಲ್ಲಿ ಹಾಕಿರ್ತಾರೆ, ನೀವು ಓದಲ್ಲ. ಬೆನ್ನು ನೋವಿಗೆ ಕೊಟ್ಟ ಮಾತ್ರೆ ಕಣಯ್ಯ, ಚಟ ಹೇಗಾಗುತ್ತೆ? ಶುರುವಾಗಿದ್ದು ಬೆನ್ನಣ್ಣ, ಈಗಿರೋದು ಚಟ. ಸರಿಯಾಗಿಯೇ ಹೇಳಿದ ಬಡ್ಡಿಮಗ, ಅದಕ್ಕೇ ಮೈಯೆಲ್ಲ ಉರಿಯಿತು. ಕೊನೆಗೆ ನಾನೇ ಡಾಕ್ಟರಾದೆ, ಹಿಂದಿನ ಕೋಣೆಗೆ ಹಾಕಿ ಚಿಲಕ ಜಡಿದೆ, ಹತ್ತಿರ ಹತ್ತಿರ ಮೂರು ವಾರ, ವಾಂತಿ, ಭೇದಿ, ನಡುಕ, ಗೋಡೆಗೆ ಕಾಲು ಒದೆಯುವ ಸದ್ದು, ಅಪ್ಪಾ ಕಾಲೊಳಗೆ ಇರುವೆ ಹರಿದಾಡ್ತಿದೆಯಪ್ಪಾ, ಬಾಗಿಲ ಈಚೆ ನಾನು ಕೂತಿದ್ದೆ, ಹೆಂಡತಿ ಕಿವಿಗೆ ಸೆರಗು ತುರುಕಿಕೊಂಡಿದ್ದಳು, ನನ್ನ ಕೈಯಲ್ಲಿ ಚಿಲಕ ತೆಗೆಯುವ ಧೈರ್ಯವೂ ಇಲ್ಲ, ತೆಗೆಯದಿರುವ ಧೈರ್ಯವೂ ಇಲ್ಲ. ಆಮೇಲೆ ಸದ್ದು ನಿಂತಿತು, ಗಂಜಿ ಕುಡಿದಳು, ಸ್ನಾನ ಮಾಡಿದಳು, ಗೆದ್ದೆ ಅಂದುಕೊಂಡೆ. ಚಿಲಕ ತೆಗೆದ ಮಾರನೇ ದಿನ ನೋಡಿದರೆ ಅಂಗಡಿಯಲ್ಲಿ ಮಂಡಿಯೂರಿ ಡಬ್ಬಿ ಡಬ್ಬಿ ಹುಡುಕುತ್ತಿದ್ದಾಳೆ, ಬೆರಳೆಲ್ಲ ಕತ್ತಿ ತಾಗಿ ರಕ್ತ, ಪಟ್ಟಿ ಕೈಗೆ ಸಿಗುವ ಮೊದಲೇ ಹಿಡಿದೆ, ಮೈಯಿಂದ ಹೋಗಿದೆಯಪ್ಪ, ತಲೆಯಿಂದ ಹೋಗಿಲ್ಲ, ನಂಗೆ ಆಗಲ್ಲ, ಎಲ್ಲಾದ್ರೂ ಸೇರಿಸು. ಅವಳೇ ಬಾಯಿಬಿಟ್ಟು ಕೇಳಿದಳಲ್ಲ, ಅದಕ್ಕೇ ಬಂದದ್ದು ಇಲ್ಲಿಗೆ.

ಕಂತಿನಲ್ಲೂ ಕಟ್ಟಬಹುದು ಯಜಮಾನ್ರೇ, ಫೈನಾನ್ಸಿನವರು ಇಲ್ಲೇ ಪಕ್ಕದ ಕೋಣೇಲಿ ಕೂತ್ಕೊಳ್ತಾರೆ, ಇವತ್ತು ಮೊದಲ ಕಂತು ಕಟ್ಟಿದ್ರೆ ಇವತ್ತೇ ಅಡ್ಮಿಷನ್, ಟ್ರಸ್ಟಿನವರದು ಅಂತ ಎರಡು ಉಚಿತ ಸೀಟಿದೆ, ಅದಕ್ಕೆ ಸಂದರ್ಶನ, ಮುಂದಿನ ತಿಂಗಳು. ಮುಂದಿನ ತಿಂಗಳಂತೆ, ಬೆಂಕಿ ಹತ್ತಿದ ಮನೆಗೆ ಮುಂದಿನ ತಿಂಗಳು ನೀರು. ಇವತ್ತೇ ಆಗಬೇಕಮ್ಮ, ಹಾಲ್ ಸಾಕು, ಎರಡು ತಿಂಗಳು ಮಾಡಿ. ಹಾಲ್ ಸರಿ, ಆದ್ರೆ ಇದರ ಜೊತೆಗೆ ಮೊದಲ ಹಂತ ಅಂತ ಬೇರೆ ಇರುತ್ತೆ, ಹತ್ತು ದಿನ ಮೆಡಿಕಲ್ ವಾರ್ಡು, ಡಾಕ್ಟರು, ನರ್ಸು, ಡ್ರಿಪ್ಪು, ಅದರ ಖರ್ಚು ಬೇರೆ. ಎಷ್ಟಮ್ಮ ಅಂದೆ, ಹೇಳಿದಳು, ಎರಡು ತಿಂಗಳ ಹಾಲ್ ಬಾಡಿಗೆಗಿಂತ ಅದೇ ಜಾಸ್ತಿ, ಅಂಗಡಿಯ ಎರಡೂ ಕುರ್ಚಿ ಕನ್ನಡಿ ಸಮೇತ ಮಾರಿದರೂ — ಆ ಹಂತ ಎಲ್ಲರಿಗೂ ಬೇಕಾಗಲ್ಲ ಯಜಮಾನ್ರೇ, ಮಾತ್ರೆ ಬಿಟ್ಟು ಎರಡು ಮೂರು ವಾರ ಆಗಿದ್ರೆ ಆ ಕಷ್ಟದ ದಿನ ಕಳೆದಿರುತ್ತೆ, ಅಂಥವರನ್ನ ನೇರ ಹಾಲ್‌ಗೆ ಹಾಕ್ತೀವಿ, ಕೊನೇ ಸಲ ತಗೊಂಡಿದ್ದು ಯಾವಾಗ? ನೀರು ಕುಡಿದಷ್ಟು ಸಲೀಸಾಗಿ ಬಂತು ನನ್ನ ಬಾಯಿಂದ, ಮೂರು ವಾರ ಆಯ್ತಮ್ಮ, ಒಂದು ಚೂರೂ ಮುಟ್ಟಿಲ್ಲ, ನಾನೇ ಕಣ್ಣಲ್ಲಿ ಕಣ್ಣಿಟ್ಟು ಕಾದಿದೀನಿ. ಮನೇಲೇ ಬಿಡಿಸಿದ್ರಾ! ಶಭಾಷ್ ಯಜಮಾನ್ರೇ. ಮೊದಲ ಹಂತದ ಮೇಲೆ ಒಂದು ಗೀಟು ಎಳೆದಳು. ಎಲಾ, ನನಗೆ ಖುಷಿಯಾಯಿತು, ಒಂದು ಗಳಿಗೆ ನಿಜಕ್ಕೂ ಖುಷಿಯಾಯಿತು, ಸುಳ್ಳೇನಲ್ಲವಲ್ಲ, ಬೆಳಗ್ಗೆಯದೊಂದು ಬಿಟ್ಟರೆ.

ಬೆಳಗ್ಗೆಯದು ಲೆಕ್ಕಕ್ಕಿಲ್ಲ, ಅದು ಬರುವುದಕ್ಕೆ ಕೊಟ್ಟ ಲಂಚ, ಹೊಸಿಲ ಮೇಲೆ ಕೂತುಬಿಟ್ಟಳಲ್ಲ, ಬರ್ತೀನಿ, ನನ್ನ ಕಾಲ ಮೇಲೆ ನಾನೇ ನಡ್ಕೊಂಡು ಹೋಗಿ ಸೈನ್ ಹಾಕ್ತೀನಿ, ಒಂದೇ ಒಂದ್ಸಲ ಕೊಡಪ್ಪ, ನನ್ನ ಹಳೇ ಲೆಕ್ಕ ಎಷ್ಟೋ ಅಷ್ಟು, ಆಮೇಲೆ ಕೇಳಿದ್ರೆ ಚಪ್ಪಲೀಲಿ ಹೊಡಿ. ಅವಳ ಸಹಿ ಇಲ್ಲದೆ ಇವರು ಸೇರಿಸಿಕೊಳ್ಳುವುದಿಲ್ಲ. ಕುಡುಕರನ್ನು ಕರೆದುಕೊಂಡು ಹೋಗುವಾಗಲೂ ಕೊನೆಯ ಗ್ಲಾಸು ಕುಡಿಸಿಯೇ ಗಾಡಿ ಹತ್ತಿಸುತ್ತಾರೆ, ನನ್ನ ಕುರ್ಚಿಯಲ್ಲಿ ಕೂತು ಎಷ್ಟು ಜನ ಹೇಳಿಲ್ಲ. ಡಬ್ಬಿಯಲ್ಲಿ ಬಚ್ಚಿಟ್ಟದ್ದನ್ನೇ ಜೇಬಿಗೆ ಹಾಕಿಕೊಂಡಿದ್ದೆ, ಪೆಟ್ರೋಲ್ ಬಂಕಿನಲ್ಲಿ ಭಾಮೈದ ಕೆಳಗಿಳಿದಿದ್ದಾಗ ಕೊಟ್ಟೆ, ಅವನಿಗೂ ಗೊತ್ತಿಲ್ಲ. ಇಲ್ಲಿಗೆ ಬರುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು, ಸರದಿಗಾಗಿ ಕಾದೆವು, ಅಷ್ಟರಲ್ಲಿ ಮಲಗಿಬಿಟ್ಟಳು, ಎಬ್ಬಿಸ್ಲಾ ಭಾವ ಅಂದ, ಬೇಡ ಕಣೋ, ಮುಟ್ಟಬೇಡ ಅಂದೆ. ಕುರ್ಚಿಯಲ್ಲಿ ನಿದ್ದೆಹೋದ ಗಿರಾಕಿಯನ್ನು ಎಬ್ಬಿಸಬಾರದು, ನಮ್ಮಪ್ಪ ಕತ್ತರಿ ಕೈಗೆ ಕೊಡುವಾಗ ಹೇಳಿದ ಒಂದೇ ಮಾತು, ನಿನ್ನ ಕೈ ನಂಬಿ ಮಲಗಿದಾನೆ ಕಣೋ, ಸದ್ದು ತಗ್ಗಿಸಿ ಕೆಲಸ ಮಾಡು. ಎಷ್ಟು ತಲೆ ಹಾಗೆ ಮಲಗಿಸಿಯೇ ಮುಗಿಸಿದ್ದೇನೆ. ಮಗಳು ವ್ಯಾನಲ್ಲಿ ಮಲಗಿದಾಳೆ ಅಂದ್ರಲ್ಲ, ನರ್ಸನ್ನ ಕಳಿಸ್ಲಾ ಯಜಮಾನ್ರೇ, ಒಂದ್ಸಲ ನೋಡ್ಕೊಂಡು ಬರ್ತಾರೆ. ಬೇಡಮ್ಮ, ಎಷ್ಟೋ ದಿನಕ್ಕೆ ನಿದ್ದೆ ಬಂದಿದೆ, ಮಲಗಲಿ. ಹಾಗಾದ್ರೆ ನಿಮಗೊಂದು ಮಾತು ಹೇಳ್ಬೇಕು, ಎಲ್ಲ ತಂದೆತಾಯಿಗೂ ಹೇಳ್ತೀವಿ, ಬಿಟ್ಟು ಮೂರು ವಾರ ಆಗಿದೆ ಅಂದ್ರಲ್ಲ, ಈಗಲೇ ತುಂಬಾ ಹುಷಾರಾಗಿರ್ಬೇಕು, ಮೈಗೆ ಅಭ್ಯಾಸ ತಪ್ಪಿರುತ್ತೆ, ಮೊದಲು ತಗೊಳ್ತಿದ್ದಷ್ಟೇ ಈಗ ಒಂದ್ಸಲ ತಗೊಂಡ್ರೂ ತಡ್ಕೊಳಲ್ಲ, ನಿದ್ದೆಯಲ್ಲೇ ಉಸಿರು ನಿಂತು ಹೋಗುತ್ತೆ, ಪಕ್ಕದಲ್ಲಿದ್ದವರಿಗೂ ಗೊತ್ತಾಗಲ್ಲ, ಚೆನ್ನಾಗಿ ಮಲಗಿದಾರೆ ಅಂದ್ಕೊಂಡಿರ್ತಾರೆ. ಇಲ್ಲೊಂದು ಸಹಿ ಹಾಕಿ.

ಪೆನ್ನು ಕೊಟ್ಟಳು, ಪೆನ್ನು ಹಿಡಿದೆ, ಗದ್ದ — ಬಂಕಿನಲ್ಲಿ ಅವಳ ಗದ್ದದ ಕೆಳಗೆ ಅಂಗೈ ಕೊಟ್ಟು ತಲೆ ಎತ್ತಿದ್ದೆ, ಅಭ್ಯಾಸಬಲ, ಗದ್ದ ಕಂಡರೆ ನನ್ನ ಅಂಗೈ ತಾನಾಗಿ ಕೆಳಗೆ ಹೋಗುತ್ತದೆ, ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ, ಗಂಟಲಿನ ಸಣ್ಣ ಉಬ್ಬು ಮೇಲೆ ಹೋಗಿ ಕೆಳಗೆ ಬಂತು. ಇಲ್ಲ, ಹಾಗೇನೂ ಆಗುವುದಿಲ್ಲ, ಇವರು ಎಲ್ಲರಿಗೂ ಹೆದರಿಸುತ್ತಾರೆ, ಹೆದರಿಸಿದರೆ ತಾನೆ ವ್ಯಾಪಾರ, ಎರಡು ವರ್ಷ ದಿನಾ ನುಂಗಿದವಳಿಗೆ ಇವತ್ತು ಮಾತ್ರ ಏನಾಗುತ್ತದೆ, ಹೇಳಿಬಿಡಲಾ, ಹೇಳಿದರೆ ಆ ಗೀಟು ಅಳಿಸುತ್ತಾರೆ, ಮೊದಲ ಹಂತ ಮತ್ತೆ ಬರುತ್ತದೆ, ಅಷ್ಟು ಎಲ್ಲಿಂದ ತರಲಿ, ಸುಳ್ಳುಗಾರ ಅಂತ ಆಚೆ ಕಳಿಸಿಬಿಟ್ಟರೆ, ಗಂಟಲು ಮೇಲೆ ಹೋಗಿ ಕೆಳಗೆ ಬಂತು, ಇನ್ನೊಂದು ಗುಟುಕು ಕುಡಿಯಮ್ಮ ಅಂದೆ ನಾನೇ, ಇಲ್ಲಿ ಸಹಿ, ಇಲ್ಲಿ ದಿನಾಂಕ, ಸಂಬಂಧ ಅನ್ನೋ ಕಡೆ ತಂದೆ ಅಂತ ಬರೀರಿ ಯಜಮಾನ್ರೇ. ಬರೆದೆ. ತಂದೆ ಅಂತ ಬರೆದೆ, ಅಯ್ಯೋ ದರಿದ್ರದವನೇ ಏಳೋ, ಏಳು, ಕುರ್ಚಿ ಕಿರುಗುಟ್ಟಿತು, ನಾನೇ ಕೊಟ್ಟೆ ಕಣಮ್ಮ, ಬೆಳಗ್ಗೆ ಕೊಟ್ಟೆ, ಹಳೇ ಲೆಕ್ಕದಷ್ಟೂ ಕೊಟ್ಟೆ, ಮಲಗಿದಾಳೆ — ಮೇಡಮ್ಮ ಸಿಸ್ಟರ್ ಅಂತ ಕೂಗಿದ ಆ ಕೂಗು, ಬೇಡ ಅಂದವನು ನಾನೇ ಅಲ್ಲವೇ, ಕಳಿಸಲಾ ಅಂದಾಗಲೇ ಹೂಂ ಅನ್ನುವುದಕ್ಕೆ ನಾಲಿಗೆಗೆ ಏನಾಗಿತ್ತು, ಬಾಗಿಲು, ಬೆಂಚು, ಬೆಂಚಿನ ಮೇಲೆ ಯಾರದೋ ಕಾಲು, ತುಳಿದೆ, ಮೆಟ್ಟಿಲು.

ವ್ಯಾನಿನ ಹೊರಗೆ ಭಾಮೈದ ನಿಂತು ಬಿಸ್ಕತ್ತು ತಿನ್ನುತ್ತಿದ್ದಾನೆ, ಆಯ್ತಾ ಭಾವ, ಒಳ್ಳೆ ನಿದ್ದೆ ಮಾಡಿದ್ಲು ಕಣ್ರೀ, ಗೊರಕೆ ಅಂದ್ರೆ ಗೊರಕೆ, ಲಾರಿ ಏರು ಹತ್ತಿದಂಗೆ, ಈಗಷ್ಟೇ ನಿಂತಿದೆ, ಎಬ್ಬಿಸಬೇಡ ಅಂದಿದ್ರಲ್ಲ ಅಂತ ನಾನೂ ಮೆಲ್ಲಗೆ ಇಳಿದೆ — ಸರಿ ಆಚೆ, ಸರಿಯೋ, ಬಾಗಿಲು ತೆಗಿ, ಬುಗುರಿ, ಏಯ್, ಬುಗುರೀ, ಅಪ್ಪ ಕಣೇ. ತುಟಿಗೆ ಇದೇನು ನೀಲಿ ಬಣ್ಣ, ಇವಳು ಬಣ್ಣ ಹಚ್ಚುವುದನ್ನು ಬಿಟ್ಟು ವರ್ಷವಾಯಿತಲ್ಲ, ಬೆರಳಿಗೂ ಅದೇ ಬಣ್ಣ. ನಿದ್ದೆಹೋದವರ ತಲೆ ನನಗೆ ಗೊತ್ತು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಎಷ್ಟೇ ಗಾಢ ನಿದ್ದೆಯಿರಲಿ ತಲೆ ಹಿಡಿದು ವಾಲಿಸಿದರೆ ಕುತ್ತಿಗೆ ಒಂದಿಷ್ಟು ಬಿಗಿಯುತ್ತದೆ, ಒಲ್ಲೆ ಅನ್ನುತ್ತದೆ, ಇದು ಅನ್ನುತ್ತಿಲ್ಲ, ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ, ಹೇಳಿದ ಮಾತು ಕೇಳುವ ಮಗಳು. ಹಿಂದೆ ಓಡುವ ಕಾಲಿನ ಸದ್ದು, ನರ್ಸಮ್ಮನ ದನಿ, ಬಿಡಿ, ಅಲ್ಲಿಂದ ಬನ್ನಿ ಈಚೆ, ಇಂಜೆಕ್ಷನ್ ಕೊಡ್ಬೇಕು, ಎಷ್ಟು ಹೊತ್ತಾಯ್ತು ಮಾತ್ರೆ ಕೊಟ್ಟು, ಎಷ್ಟು ಹೊತ್ತಾಯ್ತು ಹೇಳಿ, ಯಾರೋ ನನ್ನ ಅಂಗಿ ಹಿಡಿದು ಎಳೆಯುತ್ತಿದ್ದಾರೆ, ಬಿಡುತ್ತೇನೆ, ಒಂದು ನಿಮಿಷ, ಬಿಟ್ಟರೆ ತಲೆ ಬಿದ್ದುಹೋಗುತ್ತದಲ್ಲ, ಗದ್ದದ ಕೆಳಗೆ ಅಂಗೈ ಇದೆ, ಮೇಲಕ್ಕೆ, ಇಷ್ಟೇ ಇಷ್ಟು ಮೇಲಕ್ಕೆ, ಈಗ ಗಂಟಲು ಆಡಬೇಕು, ಮೇಲೆ ಹೋಗಿ ಕೆಳಗೆ ಬರಬೇಕು, ಬೆಳಗ್ಗೆ ಬಂತಲ್ಲ, ನುಂಗಮ್ಮ, ಬರೀ ಎಂಜಲು, ಒಂದೇ ಒಂದ್ಸಲ, ಗಂಟಲು, ಸಣ್ಣ ಉಬ್ಬು, ನಾನು ನೋಡುತ್ತಿದ್ದೇನೆ, ಗಂಟಲು —